ಮುತ್ಯಾನಿಗೆ ಕಜ್ಜಿ ಇರಲಿಲ್ಲ

“ಕಜ್ಜಿ ಅಲ್ಲದ ಮತ್ತೇನ ಬೇ ಅದು? ಕಣ್ಣ ಅದಾವಿಲ್ಲೋ ನಿನಗ?”

ದುರ್ಗಾದೇವಿ ಕಟ್ಟೆಯ ಮೇಲೆ ಕಾಲಿಡಲಿಲ್ಲ. ಬೀದಿಯಲ್ಲೇ ನಿಂತು, ಕೂದಲು ತುಂಬಿದ ಚೀಲವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ, ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ಗದ್ದ ಎತ್ತಿ ಅವಳು ತೋರಿಸಿದ್ದು ಮಾರೆವ್ವನ ನಾಯಿಯನ್ನು. ಅದು ಬಾಗಿಲ ಪಕ್ಕ ಕೂತು, ಬೀದಿಯ ಮಾತಿನ ಪರಿವೆಯೇ ಇಲ್ಲದೆ, ತನ್ನ ಬಾಲದ ಬುಡವನ್ನು ತಾನೇ ಹಲ್ಲಿನಿಂದ ಕಚ್ಚಿಕೊಳ್ಳುತ್ತಿತ್ತು. ಅಲ್ಲಿ ಕೂದಲು ಹೋಗಿ ಚರ್ಮ ಕೆಂಪಾಗಿ ಕಾಣುತ್ತಿತ್ತು.

ಹುಟ್ಟುವಾಗಲೇ ಅದರ ಹುಬ್ಬೂ ಮೀಸೆಯೂ ಬೆಳ್ಳಗಿದ್ದವು. ಅದಕ್ಕೇ ಮಾರೆವ್ವ ಅದನ್ನು ಮುತ್ಯಾ, ಅಂದರೆ ಅಜ್ಜ, ಅಂತ ಕರೆದಳು. ಓಣಿಯ ಮಂದಿಯೂ ಹಾಗೇ ಕರೆದರು. “ಏನ ಮುತ್ಯಾ, ಊಟ ಆತೇನು?” ಅಂತ ಕೇಳದೆ ಆ ಮನೆ ದಾಟಿದವರಿಲ್ಲ. ಈಗ ಅದೇ ಮಂದಿ ಆಚೆ ಬದಿ ಹಿಡಿದು ನಡೆಯುತ್ತಿದ್ದರು.

“ಊರ ಮಂದಿ ಕೂದಲ ಬಿಡಸಾಕಿ ನೀ. ನಿನ್ನ ನಾಯಿ ಮೈಮ್ಯಾಲ ಒಂದ ಕೂದಲ ನಿಂದ್ರವಲ್ದು ನೋಡು,” ಅಂತ ದುರ್ಗಾದೇವಿ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. “ಚಾಷ್ಟಿ ಅಲ್ಲವಾ. ಕಜ್ಜಿ ಅನ್ನೂದು ಹತ್ತೂ ರೋಗ. ನಾಯಿಂದ ಮಾಲಿಗೆ, ಮಾಲಿಂದ ಮಂದಿಗೆ. ಶೆಡ್ಡಿನ ಮಂದಿಗೆ ಗೊತ್ತಾದ್ರ ನಿನ್ನ ಮನಿ ಒಂದ ಅಲ್ಲ, ಓಣಿ ಓಣೀನ ಬಂದ್ ಮಾಡ್ತಾರ. ನಾಯಿ ಇಟ್ಕೋತೀಯೋ, ಮಾಲ ಇಟ್ಕೋತೀಯೋ, ನೀನ ನೋಡಕೋ.”

ಚೀಲ ಇಳಿಸದೆಯೇ ಮುಂದಿನ ಮನೆಗೆ ಹೋದಳು.

ಭಾಗ್ಯನಗರದಲ್ಲಿ ಕೂದಲಿನ ಕೆಲಸ ಯಾರಿಗೂ ಹೊಸದಲ್ಲ. ಊರೂರಿನ ಹೆಂಗಸರು ತಲೆ ಬಾಚಿ, ಹಣಿಗೆಯಲ್ಲಿ ಸಿಕ್ಕ ಕೂದಲನ್ನು ಸುತ್ತಿ ಗೋಡೆಯ ಸಂದಿಯಲ್ಲಿಟ್ಟಿದ್ದು ಚೀಲಗಟ್ಟಲೆ ಇಲ್ಲಿಗೆ ಬರುತ್ತದೆ. ಮನೆಮನೆಯ ಹೆಂಗಸರು ಕಟ್ಟೆಯ ಮೇಲೆ ಕೂತು ಅದರ ಸಿಕ್ಕು ಬಿಡಿಸಿ, ಎಳೆ ಜೋಡಿಸಿ, ಕಟ್ಟು ಕಟ್ಟಿ ಕೊಡುತ್ತಾರೆ. ಶೆಡ್ಡಿನಿಂದ ಮಾಲು ತಂದು ಓಣಿಗೆ ಹಂಚುವವಳು ದುರ್ಗಾದೇವಿ. ಅವಳು ಚೀಲ ಇಳಿಸಿದ ಮನೆಗೆ ಕೆಲಸ. ಇಳಿಸದ ಮನೆಯವರು ಕೈ ಕಟ್ಟಿಕೊಂಡು ಕೂರಬೇಕು. ಮಾರೆವ್ವನ ಗಂಡ ವಿರುಪಣ್ಣನ ಗಾರೆ ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಲೆ ಉರಿಯುತ್ತಿದ್ದದ್ದು ಈ ಕೂದಲಿನಿಂದ.

ನಾಯಿಗೆ ತುರಿಕೆ ಶುರುವಾದಾಗ ಮಾರೆವ್ವ ಸುಮ್ಮನೆ ಕೂತಿರಲಿಲ್ಲ. ಬೇವಿನ ಸೊಪ್ಪು ಕುದಿಸಿ ಹೊಯ್ದಿದ್ದಳು. ಅರಿಶಿನ ಮೆತ್ತಿದ್ದಳು. ಯಾವುದೂ ನಾಟದಿದ್ದಾಗ ತನಗೆ ಗೊತ್ತಿದ್ದ ದಾರಿ ಹಿಡಿದಳು. ಶೆಡ್ಡಿನಲ್ಲಿ ರಾಶಿ ಕೂದಲು ತೊಳೆಯುವುದಕ್ಕೆ ಕ್ಯಾನಿನಲ್ಲಿ ಶಾಂಪೂ ಇರುತ್ತದೆ. ಎಂಥ ಜಿಡ್ಡು ಹಿಡಿದ ಕೂದಲಾದರೂ ಅದು ಬಿದ್ದರೆ ಸಾಕು, ಕನ್ನಡಿಯ ಹಾಗೆ ಹೊಳೆಯುತ್ತದೆ. ಇಷ್ಟು ವರ್ಷ ಅದನ್ನು ಕಣ್ಣಾರೆ ಕಂಡವಳು ಬೇರೆ ಇನ್ನೇನು ಯೋಚಿಸಿಯಾಳು? ತೊಳೆಯುವ ಹೆಂಗಸನ್ನು ಕಾಡಿ ಬೇಡಿ ಒಂದು ಬಾಟಲಿ ತಂದುಕೊಂಡು, ದಿನಾ ಮುಂಜಾನೆ ಮುತ್ಯಾನ ಮೈ ಉಜ್ಜತೊಡಗಿದಳು. ಹೊಟ್ಟೆಯ ಅಡಿ, ಕಾಲ ಸಂದಿ ಎಲ್ಲ ಕೆಂಪೇರಿತು. ಸಾಲಲಿಲ್ಲವೇನೋ ಅಂತ ಇನ್ನಷ್ಟು ಹಾಕಿ ಉಜ್ಜಿದಳು.

ದುರ್ಗಾದೇವಿ ಬಂದುಹೋದ ಸಂಜೆ ವಿರುಪಣ್ಣ ಗ್ಯಾರೇಜಿನಿಂದ ಒಂದು ಡಬ್ಬಿ ಹಿಡಿದುಕೊಂಡು ಬಂದ. ಒಳಗೆ ಗಾಡಿಯಿಂದ ಇಳಿಸಿದ ಕರಿ ಆಯಿಲ್ ಇತ್ತು.

“ಹಿಡಿ ನಾಯೀನ. ಮೈತುಂಬ ಬಳದ ಬಿಡೂಣು. ಎಂಥಾ ಕಜ್ಜಿ ಇದ್ರೂ ಸುಟ್ಟ ಹೋಗತೈತಿ ಅಂತ.”

“ಯಾರಂದ್ರು?”

“ಎಲ್ಲಾರೂ ಅಂತಾರ. ಯಾರಂದ್ರು ಅಂತ ಕೇಳಾಕ ಇದೇನ ಕೋರ್ಟ?”

ಪಕ್ಕದ ಕಟ್ಟೆಯಲ್ಲಿ ಹಸೀನಾಬೇಗಂ ಅಕ್ಕಿ ಹಸನು ಮಾಡುತ್ತಿದ್ದಳು. ಅವಳೂ ಕೂದಲು ಬಿಡಿಸುವವಳೇ, ಮಾರೆವ್ವನ ಹಳೆಯ ಜೊತೆಗಾತಿ. ಮೊರ ಕೆಳಗಿಟ್ಟು ಎದ್ದು ಬಂದಳು.

“ವಿರುಪಣ್ಣಾ, ಸ್ವಲ್ಪ ತಡಿಯಪ. ನಾಯಿ ಏನ ಮಾಡತೈತಿ? ಮೈ ನೆಕ್ಕೋತೈತಿ. ಆ ಆಯಿಲ್ ನೆಕ್ಕಿದ್ರ ಅದರ ಹೊಟ್ಯಾಗ ಏನಾದೀತು? ನೀ ಒಂದ ಚಮಚಾ ಕುಡದ ತೋರಸು, ಆಮ್ಯಾಲ ಹಚ್ಚೂಣು.”

“ಮತ್ತೇನ ಮಾಡಂತೀ ಬೇ ಹಸೀನಾ? ಮನಿಗೆ ಮಾಲ ಬರೂದ ನಿಂತೈತಿ.”

“ದವಾಖಾನಿಗೆ ಒಯ್ಯೂಣು. ನಮ್ಮ ಅಫ್ರೋಜನ ಕತಿ ಮರತ್ರೇನು? ಬದನಿಕಾಯಿ ತಿಂದ್ರ ಮೈತುಂಬ ದದ್ದ ಏಳತಿದ್ವು. ನಾವು ದೃಷ್ಟಿ ಅಂದ್ವಿ, ಹುಳ ಮುಟ್ಟೇತಿ ಅಂದ್ವಿ, ಇಳಿ ತಗಸಿದ್ವಿ. ಕಡೀಕ ಡಾಕ್ಟರು ಅಲರ್ಜಿ ಅಂದ್ರು. ಬದನಿಕಾಯಿ ಬಿಟ್ಟ, ದದ್ದೂ ಹೋದ್ವು. ನಾಯಿಗೂ ಹಂಗೇನರ ಇದ್ದೀತು.”

“ನಾಯಿಗ್ಯಾವ ಅಲರ್ಜಿ?” ಅಂತ ವಿರುಪಣ್ಣ ಗೊಣಗಿದ. ಆದರೂ ಡಬ್ಬಿಯನ್ನು ಬಚ್ಚಲ ಹಿಂದೆ ಇಟ್ಟ.

ಮರುದಿನ ಇಬ್ಬರು ಹೆಂಗಸರೂ ಮುತ್ಯಾನ ಕೊರಳಿಗೆ ಹಳೆಯ ಸೀರೆಯ ಅಂಚು ಕಟ್ಟಿಕೊಂಡು ಕೊಪ್ಪಳದ ದನದ ದವಾಖಾನೆಗೆ ನಡೆದರು. ಅಲ್ಲಿನ ಡಾಕ್ಟರು ಅಂಜಲಿ ಮೇಡಮ್ಮು ಮಾತಿನಲ್ಲಿ ಸ್ವಲ್ಪ ಬಿರುಸು, ಕೈ ಮಾತ್ರ ಮೆತ್ತಗೆ. ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ ಮೊದಲು ಮುಟ್ಟಲಿಲ್ಲ, ಕೇಳಿದರು.

“ಎಲ್ಲಿ ಜಾಸ್ತಿ ಕೆರಕೋತೈತಿ? ಮೊದಲ ಶುರು ಆಗಿದ್ದು ಎಲ್ಲಿ? ವರ್ಷ ಪೂರ್ತಿ ಇರತೈತೋ, ಒಂದ ಕಾಲದಾಗ ಬಂದು ಹೋಗತೈತೋ? ಏನ ತಿನ್ನಸ್ತೀರಿ? ಎಲ್ಲಿ ಮಲಗತೈತಿ?”

ಮಾರೆವ್ವ ಒಂದೊಂದಕ್ಕೇ ಉತ್ತರ ಕೊಟ್ಟಳು. ಬಾಲದ ಬುಡದಲ್ಲಿ ಶುರುವಾಯಿತು. ಮನೆಯಲ್ಲಿ ಉಳಿದ ಅನ್ನ, ರೊಟ್ಟಿ ತಿನ್ನುತ್ತದೆ. ಖಾಲಿ ಗೋಣಿಚೀಲದ ಮೇಲೆ ಮಲಗುತ್ತದೆ. ನಡುವೆ ಹಸೀನಾ ತನ್ನ ಮಗ ಅಫ್ರೋಜನ ಬದನೆಕಾಯಿ ಕತೆಯನ್ನೂ ಸೇರಿಸಿದಳು.

“ಮೈ ಎದರಿಂದ ತೊಳೀತೀರಿ?”

ಈ ಪ್ರಶ್ನೆಗೆ ಮಾರೆವ್ವನ ಮುಖ ಅರಳಿತು. “ಅದಕ್ಕೇನ ಕಡಿಮಿ ಮಾಡಿಲ್ರಿ ಮೇಡಮ್. ಶೆಡ್ಡನ್ಯಾಗ ಫಾರಿನ್ನಿಗೆ ಹೋಗೂ ಕೂದಲಾ ತೊಳೀತಾರಲ್ರಿ, ಅದ ಶಾಂಪೂ. ದಿನಾ ಹಾಕತೀನಿ.”

ಡಾಕ್ಟರು ಕತ್ತೆತ್ತಿ ಅವಳನ್ನು ನೋಡಿದರು. “ಅದು ಉದುರಿದ ಕೂದಲಾ ತೊಳಿಯೂದಕ್ಕ ಮಾಡಿದ್ದವ್ವಾ. ಆ ಕೂದಲಿಗೆ ಚರ್ಮ ಇಲ್ಲ, ಉರಿ ಇಲ್ಲ. ಈ ನಾಯಿಗೆ ಐತಿ. ದಿನಾ ಅದರ ಮೈಗೆ ಉರಿ ಹಚ್ಚೀರಿ ನೀವು.”

ಮಾರೆವ್ವನ ಮುಖ ಬಾಡಿತು. ಮುತ್ಯಾ ಅವಳ ಕೈಯನ್ನೇ ನೆಕ್ಕುತ್ತಿತ್ತು. ಅದಂತೂ ಇನ್ನೂ ಕೆಟ್ಟದ್ದೆನಿಸಿತು ಅವಳಿಗೆ.

ಡಾಕ್ಟರು ಚರ್ಮವನ್ನು ಮೆಲ್ಲಗೆ ಕೆರೆದು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಿವಿ ಮಡಚಿ ಮೂಸಿದರು. ಆಮೇಲೆ ಸಣ್ಣ ಹಲ್ಲಿನ ಹಣಿಗೆಯಿಂದ ಬಾಲದ ಬುಡ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಝಾಡಿಸಿದರು. ಪುಡಿಯ ಸುತ್ತ ಕಾಗದ ಕೆಂಪಾಯಿತು.

“ನೋಡ್ರಿ. ಮಣ್ಣಾಗಿದ್ರ ಮಣ್ಣಿನ ಬಣ್ಣಾನ ಇರತಿತ್ತು. ಇದು ಚಿಗಟದ ಹೇಲು. ನಿಮ್ಮ ನಾಯಿ ರಕ್ತಾ ಕುಡದು ಹಾಕಿದ್ದು, ಅದಕ್ಕ ಕೆಂಪಗ ಬಿಡತೈತಿ.”

“ಚಿಗಟ ಎಲ್ಲಾ ನಾಯಿಗೂ ಇರತಾವಲ್ರಿ?” ಅಂದಳು ಹಸೀನಾ.

“ಇರತಾವು. ನಿಮ್ಮ ಮನ್ಯಾಗ ಎಲ್ಲಾರೂ ಬದನಿಕಾಯಿ ತಿಂತೀರಿ, ಮಗನಿಗೆ ಮಾತ್ರ ದದ್ದ ಬರತಾವು ಅಂತ ಈಗ ಹೇಳಿದ್ರಲ್ಲ, ಹಂಗ ಇದೂ. ಕೆಲವು ನಾಯಿ ಮೈಗೆ ಚಿಗಟದ ಜೊಲ್ಲ ಆಗಿ ಬರೂದಿಲ್ಲ. ಒಂದ ಕಡದ್ರೂ ಮೈಯೆಲ್ಲಾ ಬೆಂಕಿ ಬಿದ್ದಂಗ. ಇದು ಚಿಗಟದ ಅಲರ್ಜಿ. ಮ್ಯಾಲ ನಿಮ್ಮ ಶಾಂಪೂದ್ದು. ಕೆರದ ಕೆರದ ಆದ ಗಾಯಕ್ಕ ಸೋಂಕೂ ಕೂಡೇತಿ.”

“ಅಂದ್ರ ಅಲರ್ಜಿ ಒಂದ ಬಗಿ ಅಲ್ಲೇನ್ರಿ?”

“ಅಲ್ಲ. ಬಾಲದ ಬುಡ, ಬೆನ್ನಿನ ಹಿಂಭಾಗ ಕೆರಕೊಂಡ್ರ ನಾವು ಮೊದಲ ಚಿಗಟ ಹುಡಕ್ತೀವಿ. ಪಾದಾ ನೆಕ್ಕೂದು, ಮಾರಿ ತಿಕ್ಕೂದು, ಘಳಿಗಿಗೊಮ್ಮೆ ಕಿವಿ ಸೋರೂದು ಇತ್ತಂದ್ರ ತಿನ್ನೂದರದ್ದು ಇರಬಹುದು, ಇಲ್ಲಾ ಗಾಳ್ಯಾಗಿನ ಧೂಳು, ಹೂವಿನ ಪುಡಿದು ಇರಬಹುದು. ಬೆಳಿ ಕೊಯ್ಯೂ ಕಾಲದಾಗ ಬಂದು ಆಮ್ಯಾಲ ತಾನ ಇಳಿದ್ರ ಗಾಳಿದ ಅನ್ನೂ ಗುಮಾನಿ. ವರ್ಷಪೂರ್ತಿ ಇದ್ರ ತಿನಸಿನ ಕಡೆ ನೋಡತೀವಿ. ಹಿಂದ ಎಂದೂ ತಿನ್ನದ ಒಂದ ಆಹಾರ ಮಾತ್ರ ಎರಡ ತಿಂಗಳ ಕೊಡಬೇಕು. ನಡುವ ಒಂದ ಬಿಸ್ಕೀಟ ಹಾಕಿದ್ರೂ ಎಲ್ಲಾ ವ್ಯರ್ಥ. ಹೊಟ್ಟಿ, ಪಾದಾ ಮಾತ್ರ ಕೆಂಪಾಗಿದ್ರ ಮುಟ್ಟಿದ್ದರಿಂದ ಬಂದದ್ದು: ಫಿನಾಯಿಲು, ಸಬಕಾರದ ಪುಡಿ, ಇಂಥಾವು. ಕಣ್ಣಿಂದ ನೋಡಿದ್ರ ಎಲ್ಲಾ ಒಂದ ನಮೂನಿ ಕಾಣತಾವು. ಅದಕ್ಕ ಪರೀಕ್ಷೆ ಮಾಡದ ಹೆಸರ ಇಡಬಾರದು.”

ಮಾರೆವ್ವನಿಗೆ ಬೇಕಾಗಿದ್ದದ್ದು ಒಂದೇ ಉತ್ತರ. “ಇದು ಮಂದಿಗೆ ಹತ್ತತೈತೇನ್ರಿ ಮೇಡಮ್?”

“ಅಲರ್ಜಿ ಹತ್ತೂದಿಲ್ಲ. ಅಫ್ರೋಜನ ದದ್ದು ನಿಮಗ ಹತ್ತ್ಯಾವೇನು? ಕಜ್ಜಿ ಅನ್ನೂದು ಬ್ಯಾರೆ, ಅದು ಕಣ್ಣಿಗೆ ಕಾಣದ ಹುಳದಿಂದ ಬರತೈತಿ, ಅದರಾಗ ಒಂದ ಜಾತಿ ಹತ್ತತೈತಿ. ಇದರ ಚರ್ಮದಾಗ ಆ ಹುಳ ಸಿಗಲಿಲ್ಲ. ಒಮ್ಮೊಮ್ಮೆ ಅಡಗಿ ಕುಂತಿರತಾವು, ಇಲ್ಲ ಅನ್ನೂದಿಲ್ಲ. ಚಿಗಟಕ್ಕ ಕೊಡೂ ಈ ಗುಳಿಗಿ ಆ ಹುಳಕ್ಕೂ ಆಗತೈತಿ. ಚಿಂತಿ ಬ್ಯಾಡ.”

ತುರಿಕೆ ಇಳಿಯುವುದಕ್ಕೆ ಕೆಲವು ದಿನದ ಗುಳಿಗೆ, ಗಾಯಕ್ಕೆ ಬೇರೆ ಔಷಧಿ ಕೊಟ್ಟರು. ಶೆಡ್ಡಿನ ಶಾಂಪೂ ಬಂದ್. ಮಲಗುವ ಚೀಲಗಳನ್ನು ಬಿಸಿ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು, ಮೂಲೆ ಮೂಲೆ ಗುಡಿಸಬೇಕು, ಚಿಗಟದ ಮೊಟ್ಟೆ ನಾಯಿಯ ಮೇಲಿರುವುದಕ್ಕಿಂತ ನೆಲದಲ್ಲೇ ಹೆಚ್ಚು ಅಂದರು.

“ಹೊಲದಾಗ ಬೆಳಿಗೆ ಹೊಡಿಯೂ ಎಣ್ಣಿ ಹಚ್ಚಬ್ಯಾಡ್ರಿ, ಸಾಯತೈತಿ. ಕುರಿಗೆ ಹಾಕೂ ಸೂಜಿ ನೀವ ನೀವ ಹಾಕಸಬ್ಯಾಡ್ರಿ. ನಿಮ್ಮ ಮೈನೋವಿನ ಗುಳಿಗಿ ಕೊಡಬ್ಯಾಡ್ರಿ. ಜೇನುಹುಳ ಕಡದೋ ಮತ್ತೊಂದಕ್ಕೋ ಒಮ್ಮೆಲೆ ಮಾರಿ ಬಾತು, ಉಸರಾಡಾಕ ತ್ರಾಸಾದ್ರ ನಾಳೆ ಅನ್ನಬ್ಯಾಡ್ರಿ, ಆಗಿಂದಾಗ ಕರಕೊಂಡು ಓಡ್ರಿ.”

“ಪೂರಾ ಗುಣಾ ಆಗತೈತಲ್ರಿ?”

“ಅಲರ್ಜಿ ಬೇರಸಮೇತ ಹೋಗೂದಿಲ್ಲವ್ವಾ, ಹಿಡತದಾಗ ಇರತೈತಿ. ಚಿಗಟ ಬರದಂಗ ತಿಂಗಳಾ ತಿಂಗಳಾ ನೋಡಕೋಬೇಕು. ತುರಿಕಿ ಬೇಗ ಇಳೀತೈತಿ. ಕೂದಲ ಮಾತ್ರ ತಡಾ ಆಗತೈತಿ. ಕೂದಲ ಎಷ್ಟ ನಿಧಾನಕ್ಕ ಬೆಳೀತೈತಿ ಅಂತ ಕೂದಲಿನ ಕೆಲಸದಾಕಿಗೆ ನಾ ಏನ ಹೇಳಲಿ?”

ಆ ಮಾತು ನಿಜವಾಯಿತು. ಮುತ್ಯಾ ಕೆರೆದುಕೊಳ್ಳುವುದು ಕಡಿಮೆಯಾಯಿತು. ಮಧ್ಯಾಹ್ನ ಕಾಲು ಚಾಚಿ, ಗೊರಕೆ ಹೊಡೆದು ಮಲಗತೊಡಗಿತು. ಹೊಟ್ಟೆಯ ಕೆಂಪು ಇಳಿಯಿತು. ಮಾರೆವ್ವನಿಗೆ ಇದೆಲ್ಲ ಕಂಡಿತು, ಯಾಕೆಂದರೆ ಅವಳು ಹತ್ತಿರದಿಂದ ನೋಡುತ್ತಿದ್ದಳು. ದೂರದಿಂದ ನೋಡುವವರಿಗೆ ಕಂಡದ್ದು ಬೋಳು ಬೆನ್ನು ಮಾತ್ರ.

ನಳದ ಹತ್ತಿರ ದುರ್ಗಾದೇವಿ ಸಿಕ್ಕಾಗ ಮಾರೆವ್ವ ಕೊಡ ಕೆಳಗಿಟ್ಟು ಹೇಳಿದಳು. “ಡಾಕ್ಟರು ನೋಡ್ಯಾರ. ಕಜ್ಜಿ ಅಲ್ಲಂತ, ಅಲರ್ಜಿ ಅಂತ. ಹತ್ತೂದಿಲ್ಲಂತ.”

“ಅಲರ್ಜಿ ಅಂದ್ರೇನು? ಇಂಗ್ಲೀಷ್ ಕಜ್ಜಿ,” ಅಂದಳು ದುರ್ಗಾದೇವಿ.

ನಳದ ಹೆಂಗಸರೆಲ್ಲ ನಕ್ಕರು. ಮರುದಿನಕ್ಕೆ ಅದು ಓಣಿಯ ಮಾತಾಯಿತು. ಗಂಡಸರು ಚಹಾದಂಗಡಿಯಲ್ಲಿ ವಿರುಪಣ್ಣನಿಗೆ “ಇಂಗ್ಲೀಷ್ ಕಜ್ಜಿ ಹೆಂಗೈತಿ?” ಅಂತ ಕೇಳಿದರು. ಅವನು ಕಪ್ಪು ಅರ್ಧಕ್ಕೇ ಬಿಟ್ಟು ಎದ್ದು ಬಂದ. ಮನೆಗೆ ಬಂದರೆ ಕಟ್ಟೆ ಖಾಲಿ. ಮಾಲು ಇಲ್ಲ. ಮಾರೆವ್ವ ಹಸೀನಾಳ ಚೀಲದಲ್ಲಿ ಕೈ ಹಾಕಿ, ಅವಳ ಹೆಸರಿನಲ್ಲಿ ಒಂದಿಷ್ಟು ಬಿಡಿಸಿಕೊಡುತ್ತಿದ್ದಳು. ದುರ್ಗಾದೇವಿ ಅದನ್ನೂ ಕಂಡುಹಿಡಿದಳು. ಹಸೀನಾಳಿಗೂ ಮಾಲು ನಿಂತಿತು.

ಮತ್ತೆ ತೋರಿಸಲು ಡಾಕ್ಟರು ಹೇಳಿದ ದಿನ ನಾಯಿಯ ಕಾಲಿಗೆ ಮುಳ್ಳು ಚುಚ್ಚಿ ಅದು ಕುಂಟುತ್ತಿತ್ತು. ನಡೆಸುವುದು ಬೇಡ, ಔಷಧಿಯನ್ನಷ್ಟೇ ಕೇಳಿ ತರೋಣ ಅಂತ ಮಾರೆವ್ವ ಒಬ್ಬಳೇ ಹೋದಳು. ತಿರುಗಿ ಬಂದಾಗ ಬಾಗಿಲಲ್ಲಿ ಸೀರೆಯ ಅಂಚು ಬಿದ್ದಿತ್ತು. ನಾಯಿ ಇರಲಿಲ್ಲ. ಕಟ್ಟೆಯ ಮೇಲೆ ಕೂದಲಿನ ಚೀಲ ಇತ್ತು.

ವಿರುಪಣ್ಣ ಅವಳ ಮುಖ ನೋಡದೆ ಹೇಳಿದ. “ನಮ್ಮ ಓಣಿ ಯಮನೂರನ ಗಾಡಿ ಮುನಿರಾಬಾದಿಗೆ ಹೊಂಟಿತ್ತು. ಕೊಟ್ಟ ಕಳಿಸಿನಿ. ಡ್ಯಾಮಿನ ಹತ್ರ ಮೀನ ಗೀನ ಸಿಗತಾವು. ಛಲೋ ಜಾಗ ಅದು.”

“ಛಲೋ ಜಾಗಿದ್ರ ನೀ ಹೋಗಬೇಕಿತ್ತು.”

“ನಾ ಏನ ಮಾಡ್ಲಿ ಹೇಳು? ಹಸೀನಾನ ಹೊಟ್ಟಿ ಮ್ಯಾಲೂ ಹೊಡತ ಬಿತ್ತು. ಮಂದಿ ಮುಂದ ತಲಿ ಎತ್ತದಂಗ ಆಗೇತಿ. ಹತ್ತೂ ರೋಗಾ ಮನ್ಯಾಗ ಇಟ್ಕೊಂಡು...”

“ಹತ್ತೂದಿಲ್ಲ ಅಂತ ಹೇಳಿದ್ದೆ.”

“ಯಾವಾಗ ಹೇಳಿದ್ದಿ?”

“ದವಾಖಾನಿಂದ ಬಂದ ದಿನಾನ. ನೀ ಉಣ್ಣಾಕತ್ತಿದ್ದಿ. ಹೂಂ ಅಂದಿ.”

ಹೂಂ ಅಂದದ್ದು ವಿರುಪಣ್ಣನಿಗೆ ನೆನಪಿತ್ತು. ಕೇಳಿಸಿಕೊಂಡದ್ದು ನೆನಪಿರಲಿಲ್ಲ.

ಮಾರೆವ್ವ ಕೂಗಾಡಲಿಲ್ಲ. ಗಂಡನನ್ನೂ ಎಬ್ಬಿಸಿಕೊಂಡು ಹೋಗಿ ತಿರುಗಿ ಬಂದಿದ್ದ ಯಮನೂರನ ಗಾಡಿ ಹತ್ತಿ ಕೂತಳು. ಮುನಿರಾಬಾದಿನಲ್ಲಿ ನಾಯಿ ಇಳಿಸಿದ ಜಾಗದ ಎದುರಿಗೇ ಹಾಜಿಸಾಬ ಎಂಬವರ ಚಹಾದಂಗಡಿ ಇತ್ತು. ಕೇಳುವುದಕ್ಕೆ ಮೊದಲೇ ಆ ಮುದುಕರು ಯಮನೂರನನ್ನು ಗುರುತು ಹಿಡಿದರು.

“ಬೆಳ್ಳನ ಹುಬ್ಬಿಂದಲ್ಲ? ಈ ಗಾಡಿ ಹ್ವಾದ ದಾರೀನ ನೋಡಕೋಂತ ಇಲ್ಲೇ ಕುಂತಿತ್ತು. ಬಿಸ್ಕೀಟ ಹಾಕಿದೆ, ಮೂಸಿ ಸೈತ ನೋಡಲಿಲ್ಲ. ಮೈ ನೋಡಿ ಯಾರೋ ಕಜ್ಜಿ ನಾಯಿ ಅಂದ್ರು. ಅಷ್ಟ ಸಾಕಾತು, ನಾಕ ಮಂದಿ ಕಲ್ಲ ತಗೊಂಡ್ರು. ಕುಂಟಕೋಂತ ಕೆನಾಲ ದಂಡಿ ಹಿಡದು ಹೋತು. ಸಾಕಿದ್ದಾ ಅದು? ಹಂಗಂತ ಗೊತ್ತಿದ್ರ ಕಟ್ಟಿ ಹಾಕತಿದ್ನಿ ತಾಯಿ.”

ಕಾಲುವೆಯ ದಂಡೆಗುಂಟ ಮಾರೆವ್ವ ಕೂಗುತ್ತ ನಡೆದಳು. “ಮುತ್ಯಾ! ಏ ಮುತ್ಯಾ!” ಒಬ್ಬ ಮುದುಕ ಎಮ್ಮೆ ಮೈ ತೊಳೆಯುತ್ತಿದ್ದವನು ತಿರುಗಿ, “ಯಾರವ್ವಾ? ನನ್ನ ಕರದ್ಯೇನು?” ಅಂದ. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಆ ದಿನವೂ ಸಿಗಲಿಲ್ಲ, ಮತ್ತೆರಡು ಸಲ ಹೋದಾಗಲೂ ಸಿಗಲಿಲ್ಲ. ಸತ್ತಿತು ಅಂದವರಿಲ್ಲ, ಕಂಡೆವು ಅಂದವರೂ ಇಲ್ಲ.

ಇತ್ತ ಮಾಲು ಮತ್ತೆ ಬರತೊಡಗಿತು. “ಈಗ ನೋಡು, ಕಟ್ಟಿ ಹೆಂಗ ಸ್ವಚ್ಛ ಕಾಣತೈತಿ,” ಅಂತ ದುರ್ಗಾದೇವಿ ಚೀಲ ಇಳಿಸಿದಳು. ಮಾರೆವ್ವ ಚೀಲ ಎಳೆದುಕೊಂಡಳು. ಬೇಡ ಅನ್ನುವ ಹಾಗಿರಲಿಲ್ಲ, ಒಲೆ ಉರಿಯಬೇಕಿತ್ತು. ವಿರುಪಣ್ಣ ಬಚ್ಚಲ ಹಿಂದಿನ ಆಯಿಲ್ ಡಬ್ಬಿಯನ್ನು ಗ್ಯಾರೇಜಿಗೆ ತಿರುಗಿ ಕೊಟ್ಟು ಬಂದ. ಯಾರದಾದರೂ ನಾಯಿ ಕೆರೆದುಕೊಳ್ಳುವುದು ಕಂಡರೆ, ಕೇಳಲಿ ಬಿಡಲಿ, ದವಾಖಾನೆಯ ದಾರಿ ಹೇಳತೊಡಗಿದ. ಗಂಡ ಹೆಂಡತಿ ನಡುವೆ ಮಾತು ಮಾತ್ರ ಮೊದಲಿನಷ್ಟು ಉಳಿಯಲಿಲ್ಲ.

ಬೇಸಿಗೆ ಏರುತ್ತಿದ್ದ ಹೊತ್ತಿಗೆ ಒಂದು ಮಧ್ಯಾಹ್ನ ದುರ್ಗಾದೇವಿ ಬಂದಳು. ಸೊಂಟದಲ್ಲಿ ಚೀಲ ಇರಲಿಲ್ಲ, ಅವಳ ಪಿಂಕಿ ಇತ್ತು. ಬೆಳ್ಳನೆಯ ಗಿಡ್ಡ ನಾಯಿ. ಅದಕ್ಕೆ ಮಕ್ಕಳ ಫ್ರಾಕು ತೊಡಿಸಿದ್ದಳು. ಕೆಂಪು ಬಣ್ಣದ್ದು, ಕೊರಳಿಗೆ ಲೇಸು ಇದ್ದದ್ದು. ಅಂಥ ಸೆಕೆಯಲ್ಲಿ ನಾಯಿ ನಾಲಗೆ ಚಾಚಿ ತೇಕುತ್ತಿತ್ತು.

ಅತ್ತಿತ್ತ ನೋಡಿ, ಈ ಸಲ ಕಟ್ಟೆ ಹತ್ತಿ, ಬಾಗಿಲು ದಾಟಿ ಒಳಗೇ ಬಂದಳು.

“ಮಾರೆವ್ವಾ, ಆವತ್ತ ದವಾಖಾನ್ಯಾಗ ಕೊಟ್ಟ ಔಷಧಿ ಉಳದಿರಬೇಕಲ್ಲ ನಿನ್ನ ಹತ್ರ?”

“ಯಾಕ?”

ದುರ್ಗಾದೇವಿ ಫ್ರಾಕು ಎತ್ತಿದಳು. ಕಂಕುಳು, ಹೊಟ್ಟೆ ಕೆಂಪಗಾಗಿದ್ದವು. ಅಲ್ಲಲ್ಲಿ ಬೋಳು. ಪಾದಗಳು ನೆಕ್ಕಿ ನೆಕ್ಕಿ ಕಂದು ತಿರುಗಿದ್ದವು. ಒಂದು ಕಿವಿಯಿಂದ ವಾಸನೆ ಬರುತ್ತಿತ್ತು.

ಮಾರೆವ್ವ ಬಗ್ಗಿ ನೋಡಿದಳು. “ಫ್ರಾಕ ಯಾಕ ಹಾಕೀದಿ?”

“ಮಂದಿ ನೋಡಬಾರದಂತ. ನೋಡಿದ್ರ ಕಜ್ಜಿ ಅಂತಾರ.”

ಆ ಮಾತು ತನ್ನ ಬಾಯಿಂದಲೇ ಬಂದದ್ದು ದುರ್ಗಾದೇವಿಗೆ ತಡವಾಗಿ ತಿಳಿಯಿತು. ತಲೆ ಕೆಳಗೆ ಹಾಕಿದಳು.

“ಹೌದು, ಅಂತಾರ,” ಅಂದಳು ಮಾರೆವ್ವ. “ಒಬ್ರು ಅಂದ್ರ ಸಾಕು. ಉಳದವ್ರು ಕಲ್ಲ ತಗೋತಾರ.”

“ಬೈಯಿ ಬೇಕಾದ್ರ. ಔಷಧಿ ಕೊಡು. ನಮ್ಮ ಪಿಂಕಿ ರಾತ್ರಿ ನಿದ್ದಿ ಮಾಡೂದಿಲ್ಲ, ನಮಗೂ ಮಾಡಗೊಡೂದಿಲ್ಲ.”

“ಕೊಡೂದಿಲ್ಲ.”

“ಇಷ್ಟ ಸಿಟ್ಟೇನು? ಮೂಕ ಪ್ರಾಣಿ ಏನ ಮಾಡೇತಿ ನಿನಗ?”

“ಸಿಟ್ಟ ಐತಿ, ಇಲ್ಲಂತ ಯಾರಂದ್ರು? ಸಾಯೂತನಕ ಇರತೈತಿ. ಅದಕ್ಕ ಕೊಡೂದಿಲ್ಲ ಅನ್ನಾಕತ್ತಿಲ್ಲ ನಾ. ಅವು ಗುಳಿಗಿ ಮುತ್ಯಾನ ತೂಕಾ ನೋಡಿ ಕೊಟ್ಟಿದ್ದು. ನಿಂದು ಅದರ ಅರ್ಧನೂ ಇಲ್ಲ. ಅದಕ್ಕ ಬಾಲದ ಹತ್ರ ಇತ್ತು, ಚಿಗಟದ್ದು. ಇದಕ್ಕ ಪಾದಾ, ಕಿವಿ. ಇದು ಬ್ಯಾರೆ ಇದ್ದೀತು. ಏನ ತಿನ್ನಸ್ತೀ?”

“ಕೋಳಿ. ದಿನಾ. ಅದಿಲ್ಲದ ಬಾಯಿ ಹಚ್ಚೂದಿಲ್ಲ.”

“ಕೊಪ್ಪಳದ ದನದ ದವಾಖಾನಿಗೆ ಒಯ್ಯಿ, ಅಲ್ಲಿ ಮೇಡಮ್ಮಗ ಅದನ್ನ ಹೇಳು. ಯಾವಾಗಿಂದ ಶುರು ಆತು, ಎದರಿಂದ ಮೈ ತೊಳೀತೀ, ಮನ್ಯಾಗ ಏನ ಹಚ್ಚಿದಿ, ಒಂದೂ ಮುಚ್ಚಿಡಬ್ಯಾಡ. ಮೊದಲ ಆ ಫ್ರಾಕ ಬಿಚ್ಚು, ಸೆಕಿಗೆ ತುರಿಕಿ ಇನ್ನಷ್ಟ ಹೆಚ್ಚಾಗತೈತಿ.”

“ನೀನೂ ಬಾ ಜೋಡಿ.”

“ನಾ ಬರೂದಿಲ್ಲ.”

“ಮಾರೆವ್ವಾ...”

“ದಾರಿ ಹೇಳಿನಲ್ಲ. ಹೋಗು.”

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಒಂದು ನಾಯಿ ಹೀಗೆ ಕೆರೆದುಕೊಳ್ಳುತ್ತಿರಬಹುದು. ಅದಕ್ಕೆ ನೀವಾಗಿಯೇ ಹೆಸರಿಡಬೇಡಿ. ಎಲ್ಲಿ ಕೆರೆದುಕೊಳ್ಳುತ್ತದೆ, ಯಾವ ಕಾಲದಲ್ಲಿ, ಏನು ತಿಂದಾಗ ಅಂತ ನಾಲ್ಕು ದಿನ ಕಣ್ಣಿಟ್ಟು ನೋಡಿ, ದನದ ದವಾಖಾನೆಗೆ ಕರೆದುಕೊಂಡು ಹೋಗಿ. ಕರಿ ಆಯಿಲ್ಲು, ಹೊಲದ ಔಷಧಿ, ಫಿನಾಯಿಲು, ನಿಮ್ಮ ಗುಳಿಗೆ, ಪಕ್ಕದ ಮನೆಯ ನಾಯಿಯ ಗುಳಿಗೆ ಯಾವುದೂ ಬೇಡ. ಡಾಕ್ಟರು ಹೇಳಿದ್ದನ್ನು ಮನೆಯವರೆಲ್ಲರೂ ಕೂತು ಕೇಳಿಸಿಕೊಳ್ಳಿ, ಬರೀ ಹೂಂ ಅನ್ನಬೇಡಿ. ಓಣಿಯವರಿಗೂ ಹೇಳಿ, ನಗುವವರು ನಗಲಿ. ತುರಿಕೆ ಇಳಿದ ಮೇಲೂ ಕೂದಲು ಬರುವವರೆಗೆ ತಾಳಿಕೊಳ್ಳಿ. ಮುತ್ಯಾನಿಗೆ ಇನ್ನೊಂದಷ್ಟು ದಿನ ಸಿಕ್ಕಿದ್ದರೆ ಸಾಕಿತ್ತು. ನಿಮ್ಮ ನಾಯಿಗೆ ಆ ದಿನಗಳನ್ನು ಕೊಡಿ.

ದುರ್ಗಾದೇವಿ ಫ್ರಾಕು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಪಿಂಕಿಯನ್ನು ಎತ್ತಿಕೊಂಡು ದೊಡ್ಡ ರಸ್ತೆಗೆ ಹೋಗಿ ನಿಂತಳು. ಮಾರೆವ್ವನಿಗೆ ಬಾಗಿಲಿಂದ ಕಾಣುತ್ತಿತ್ತು. ಕೊಪ್ಪಳದ ಕಡೆ ಹೊರಟಿದ್ದ ಆಟೋ ಒಂದು ನಿಧಾನ ಮಾಡಿತು. ಚಾಲಕ ಕತ್ತು ಹೊರಗೆ ಹಾಕಿ ನಾಯಿಯ ಹೊಟ್ಟೆ ನೋಡಿದ, ಕೈ ಅಡ್ಡಡ್ಡ ಆಡಿಸಿದ, ಗಾಡಿ ನಿಲ್ಲಿಸದೆ ಹೊರಟುಹೋದ. ಇನ್ನೊಂದು ಬಂತು, ಅದೂ ನಿಲ್ಲಲಿಲ್ಲ. ದುರ್ಗಾದೇವಿ ಒಮ್ಮೆ ಹಿಂದಿರುಗಿ ಓಣಿಯತ್ತ ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ಪಿಂಕಿಗೆ ಬಿಸಿಲು ಬಡಿಯದ ಹಾಗೆ ಮರೆ ಮಾಡಿ, ಕೊಪ್ಪಳದ ಕಡೆ ನಡೆಯತೊಡಗಿದಳು.